ಆರಿಸಿದ ಮೇಲೂ ಆರದ ಒಲೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಬಿಟ್ಟಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಕಟ್ಟಡದ ಕಥೆಯಿಂದ ಶುರು ಮಾಡುತ್ತೇನೆ. ಆಸ್ಟ್ರಿಯಾದಲ್ಲಿ ಡ್ಯಾನ್ಯೂಬ್ ನದಿಯ ದಡದಲ್ಲಿ ಟ್ಸ್ವೆಂಟೆನ್‌ಡಾರ್ಫ್ ಎಂಬ ಊರಿದೆ. 1970ರ ದಶಕದಲ್ಲಿ ಅಲ್ಲೊಂದು ಅಣುವಿದ್ಯುತ್ ಸ್ಥಾವರ ಕಟ್ಟಿದರು. ಸುಮಾರು 700 ಮೆಗಾವಾಟ್ ಸಾಮರ್ಥ್ಯ. ರಿಯಾಕ್ಟರು, ಟರ್ಬೈನು, ನಿಯಂತ್ರಣ ಕೊಠಡಿ ಎಲ್ಲ ಸಿದ್ಧವಾಯಿತು. ಚಾಲೂ ಮಾಡುವುದೊಂದೇ ಬಾಕಿ. ಅಷ್ಟರಲ್ಲಿ ವಿರೋಧ ಜೋರಾಗಿ, ಜನರನ್ನೇ ಕೇಳಿಬಿಡೋಣ ಎಂದು ಸರ್ಕಾರ ಜನಮತಗಣನೆ ನಡೆಸಿತು. 1978ರ ನವೆಂಬರ್ 5ರಂದು ಮತದಾನ. ಬೇಡ ಎಂದವರು ಶೇಕಡಾ 50.47. ಅಂತರ ಬರೀ 30 ಸಾವಿರ ಮತಗಳಷ್ಟು. ಸ್ಥಾವರಕ್ಕೆ ಬೀಗ ಬಿತ್ತು. ಒಂದು ದಿನವೂ ಅದು ಓಡಲಿಲ್ಲ. ಈಗ ಅಲ್ಲಿ ಸೌರಫಲಕಗಳಿವೆ. ವಿಕಿರಣದ ಸೋಂಕೇ ಇಲ್ಲದ ರಿಯಾಕ್ಟರು ಜಗತ್ತಿನಲ್ಲಿ ಅಪರೂಪ ನೋಡಿ, ಹಾಗಾಗಿ ಬೇರೆ ಕಡೆಯ ಎಂಜಿನಿಯರುಗಳು ಬಂದು ಅದರೊಳಗೆ ತರಬೇತಿ ಪಡೆದು ಹೋಗಿದ್ದಾರೆ.

ಈ ಕಥೆಯನ್ನು ಎರಡೂ ಕಡೆಯವರು ಹೇಳುತ್ತಾರೆ. ಅಣುವಿದ್ಯುತ್ ಬೇಡ ಅನ್ನುವವರಿಗೆ ಇದು ಜನರ ಗೆಲುವು. ಬೇಕು ಅನ್ನುವವರಿಗೆ ಇದು ನೀರಲ್ಲಿ ಹೋಮ ಮಾಡಿದ ಹಣ. ಆದರೆ ಇಬ್ಬರೂ ಕಥೆಯ ಉತ್ತರಾರ್ಧವನ್ನು ಹೇಳುವುದು ಕಡಿಮೆ. ಸ್ಥಾವರ ಬೇಡವೆಂದರೂ ಕರೆಂಟು ಬೇಕಲ್ಲ? ಹತ್ತಿರದಲ್ಲೇ ಡ್ಯೂರ್ನ್‌ರೋರ್ ಎಂಬಲ್ಲಿ ಕಲ್ಲಿದ್ದಲಿನ ಸ್ಥಾವರ ಎದ್ದಿತು. ಅಣುಸ್ಥಾವರಕ್ಕೆಂದು ಎಳೆದಿದ್ದ ತಂತಿಗಳನ್ನೇ ಅದಕ್ಕೆ ಬಳಸಿಕೊಂಡರು. 1980ರ ದಶಕದಿಂದ 2019ರ ತನಕ ಅಲ್ಲಿ ಕಲ್ಲಿದ್ದಲು ಉರಿಯಿತು.

ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಹೆಚ್ಚುಕಡಿಮೆ ಈ ತಂತಿಗಳ ಸುತ್ತಲೇ ಇದೆ. ಒಂದನ್ನು ಆರಿಸಿದಾಗ ಅದೇ ತಂತಿಯ ಇನ್ನೊಂದು ತುದಿಯಲ್ಲಿ ಏನು ಹೊತ್ತಿಕೊಳ್ಳುತ್ತದೆ? ಅಣುವಿದ್ಯುತ್ ಬೇಕೋ ಬೇಡವೋ ಎಂದು ಕೈ ಎತ್ತಿಸಿದರೆ ಈ ಸಭೆಯೂ ಆಸ್ಟ್ರಿಯಾದ ಹಾಗೆ ಸರಿಸುಮಾರು ಅರ್ಧಕ್ಕರ್ಧ ಒಡೆಯುತ್ತದೆ ಅನ್ನಿಸುತ್ತದೆ. ನಾನು ಕೈ ಎತ್ತಿಸುವುದಿಲ್ಲ, ಗಾಬರಿಯಾಗಬೇಡಿ. ಆ ಪ್ರಶ್ನೆಯೊಳಗೆ ಎರಡು ಬೇರೆ ಬೇರೆ ಪ್ರಶ್ನೆಗಳು ಅಂಟಿಕೊಂಡಿವೆ. ಈಗಾಗಲೇ ಓಡುತ್ತಿರುವ ಸ್ಥಾವರವನ್ನು ಏನು ಮಾಡಬೇಕು ಅನ್ನುವುದು ಒಂದು. ಹೊಸದನ್ನು ಕಟ್ಟಬೇಕೇ ಅನ್ನುವುದು ಇನ್ನೊಂದು. ಎರಡಕ್ಕೂ ಒಂದೇ ಉತ್ತರ ಇರಲೇಬೇಕು ಎಂದುಕೊಂಡಿರುವುದರಿಂದಲೇ ಈ ಚರ್ಚೆ ಐವತ್ತು ವರ್ಷದಿಂದ ನಿಂತಲ್ಲೇ ನಿಂತಿದೆ.

ಮೊದಲು ಯಂತ್ರವನ್ನು ಸ್ವಲ್ಪ ನೋಡೋಣ. ಭಯವಾಗಲೀ ಭರವಸೆಯಾಗಲೀ ಹುಟ್ಟುವುದು ಅಲ್ಲಿಂದಲೇ.

ಅಣುಸ್ಥಾವರ ಅಂದರೆ ನೀರು ಕಾಯಿಸುವ ಒಲೆ, ಅಷ್ಟೇ. ಆವಿ ಹುಟ್ಟುತ್ತದೆ, ಟರ್ಬೈನು ತಿರುಗುತ್ತದೆ, ಕರೆಂಟು ಬರುತ್ತದೆ. ಕಲ್ಲಿದ್ದಲಿನಲ್ಲೂ ಇದೇ ಕಥೆ. ವ್ಯತ್ಯಾಸವಿರುವುದು ಸೌದೆಯಲ್ಲಿ. ಒಂದು ಕಿಲೋ ಯುರೇನಿಯಂ-235 ಪೂರ್ತಿ ಒಡೆದರೆ ಬರುವ ಶಾಖಕ್ಕೆ ಎರಡೂವರೆ ಸಾವಿರ ಟನ್‌ಗೂ ಹೆಚ್ಚು ಕಲ್ಲಿದ್ದಲು ಸುಡಬೇಕು. 1938ರ ಕೊನೆಯಲ್ಲಿ ಬರ್ಲಿನ್‌ನಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ ಯುರೇನಿಯಂ ಒಡೆದದ್ದನ್ನು ಕಂಡರು. ಹಾಗೆಂದರೆ ಏನೆಂದು ಬಿಡಿಸಿ ಹೇಳಿದವರು ಲೀಸ ಮೈಟ್ನರ್ ಮತ್ತು ಆಕೆಯ ಅಕ್ಕನ ಮಗ ಆಟೊ ಫ್ರಿಷ್. 1942ರ ಡಿಸೆಂಬರಿನಲ್ಲಿ ಷಿಕಾಗೊದಲ್ಲಿ ಫರ್ಮಿಯ ತಂಡ ಮೊದಲ ಸರಪಳಿ ಕ್ರಿಯೆ, ಅಂದರೆ ಒಂದು ಅಣು ಒಡೆದು ಮುಂದಿನದನ್ನು ಒಡೆಯುತ್ತಾ ಹೋಗುವ ಕ್ರಿಯೆ, ನಡೆಸಿತು. 1954ರಲ್ಲಿ ಸೋವಿಯತ್ ದೇಶದ ಓಬ್ನಿನ್ಸ್ಕ್‌ನಲ್ಲಿ 5 ಮೆಗಾವಾಟಿನ ಪುಟ್ಟ ಸ್ಥಾವರ ಗ್ರಿಡ್ಡಿಗೆ ಕರೆಂಟು ಕೊಟ್ಟಿತು. ಅಣು ಒಡೆದದ್ದಕ್ಕೂ ಮನೆಯ ದೀಪ ಹತ್ತಿದ್ದಕ್ಕೂ ಬರೀ ಹದಿನಾರು ವರ್ಷ. ನಡುವೆ ಎರಡು ನಗರಗಳು ಸುಟ್ಟುಹೋದವು. ಆ ನೆನಪು ಈ ಯಂತ್ರಕ್ಕೆ ಜನ್ಮದ ಮಚ್ಚೆಯ ಹಾಗೆ ಅಂಟಿಕೊಂಡಿದೆ, ಹೋಗುವಂಥದ್ದಲ್ಲ.

ಆದರೆ ಈ ಒಲೆಗೊಂದು ವಿಚಿತ್ರ ಗುಣವಿದೆ. ಅದನ್ನು ಆರಿಸಿದರೂ ಆರುವುದಿಲ್ಲ. ನಿಯಂತ್ರಣ ಸರಳುಗಳು ಒಳಗಿಳಿದರೆ ಸರಪಳಿ ಕ್ರಿಯೆ ಸೆಕೆಂಡುಗಳಲ್ಲಿ ನಿಲ್ಲುತ್ತದೆ, ನಿಜ. ಆದರೆ ಒಡೆದ ಅಣುಗಳ ಚೂರುಗಳು ತಾವೇ ವಿಕಿರಣ ಸೂಸುತ್ತಾ ಕಾಯುತ್ತಲೇ ಇರುತ್ತವೆ. ನಿಲ್ಲಿಸಿದ ಗಳಿಗೆಯಲ್ಲಿ ಮೊದಲಿನ ಶಾಖದ ಶೇಕಡಾ ಆರೇಳರಷ್ಟು ಉಳಿದಿರುತ್ತದೆ. ಒಂದು ಗಂಟೆ ಕಳೆದ ಮೇಲೆ ಶೇಕಡಾ ಒಂದೂವರೆ. ಒಂದು ದಿನ ಕಳೆದ ಮೇಲೆ ಅರ್ಧ. ಅರ್ಧ ಪರ್ಸೆಂಟು ತಾನೇ ಅನ್ನಬೇಡಿ. ದೊಡ್ಡ ರಿಯಾಕ್ಟರಿನ ಶಾಖ 3,000 ಮೆಗಾವಾಟ್ ಇರುತ್ತದೆ. ಅದರ ಅರ್ಧ ಪರ್ಸೆಂಟು ಅಂದರೆ 15 ಮೆಗಾವಾಟ್. ನೀರು ಹರಿಸುತ್ತಲೇ ಇರದಿದ್ದರೆ ಇಂಧನ ತನ್ನನ್ನು ತಾನೇ ಕರಗಿಸಿಕೊಳ್ಳಲು ಅಷ್ಟು ಸಾಕು.

ಫುಕುಶಿಮಾದಲ್ಲಿ ಆದದ್ದು ಇದೇ. 2011ರ ಮಾರ್ಚ್ 11ರಂದು ಭೂಕಂಪವಾದಾಗ ಓಡುತ್ತಿದ್ದ ಮೂರೂ ರಿಯಾಕ್ಟರುಗಳು ತಾವಾಗಿಯೇ, ಸರಿಯಾಗಿಯೇ ನಿಂತವು. ಹೊರಗಿನ ಕರೆಂಟು ಹೋಯಿತು, ಡೀಸೆಲ್ ಜನರೇಟರುಗಳು ಶುರುವಾದವು. ಅಲ್ಲಿಯವರೆಗೆ ಎಲ್ಲ ಪುಸ್ತಕದಲ್ಲಿದ್ದ ಹಾಗೆ. ಮುಕ್ಕಾಲು ಗಂಟೆಯ ನಂತರ ಸುನಾಮಿ ಬಂತು. ಆರು ಮೀಟರಿಗಿಂತ ಕಡಿಮೆ ಎತ್ತರದ ಅಲೆಗೆ ಲೆಕ್ಕ ಹಾಕಿದ್ದರು. ಬಂದದ್ದು ಹದಿನಾಲ್ಕು ಹದಿನೈದು ಮೀಟರಿನದ್ದು. ಜನರೇಟರುಗಳಿದ್ದದ್ದು ನೆಲಮಾಳಿಗೆಯಲ್ಲಿ. ಮುಳುಗಿದವು. ಆರಿಸಿದ ಒಲೆಗೆ ನೀರಿಲ್ಲದಂತಾಯಿತು.

ಇಲ್ಲೊಂದು ವಿವರವಿದೆ, ನೆನಪಾದಾಗಲೆಲ್ಲ ಕಸಿವಿಸಿಯಾಗುತ್ತದೆ. ಆ ಸ್ಥಾವರ ನಿಂತಿರುವ ಜಾಗ ಮೂಲದಲ್ಲಿ ಸಮುದ್ರದಿಂದ 35 ಮೀಟರ್ ಎತ್ತರದ ದಿಣ್ಣೆ. ಗಟ್ಟಿ ಬಂಡೆಯ ಮೇಲೆ ತಳಪಾಯ ಸಿಗಲಿ, ಸಮುದ್ರದ ನೀರನ್ನು ಮೇಲೆತ್ತುವ ಖರ್ಚೂ ಕಡಿಮೆಯಾಗಲಿ ಎಂದು ಅದನ್ನು ಕಡಿದು 10 ಮೀಟರಿಗೆ ಇಳಿಸಿದರು. ಅದೇ ಕರಾವಳಿಯಲ್ಲಿ, ಭೂಕಂಪದ ಕೇಂದ್ರಕ್ಕೆ ಇನ್ನೂ ಹತ್ತಿರದಲ್ಲಿ ಒನಗಾವಾ ಎಂಬ ಇನ್ನೊಂದು ಅಣುಸ್ಥಾವರವಿತ್ತು. ಅದನ್ನು ಯೋಜಿಸುವಾಗ ಹಿರಾಯ್ ಯನೊಸುಕೆ ಎಂಬ ಹಿರಿಯ ಎಂಜಿನಿಯರು ಹಟ ಹಿಡಿದರಂತೆ: ಹಳೆಯ ಕಾಲದ ದೊಡ್ಡ ಸುನಾಮಿಗಳ ದಾಖಲೆ ಇದೆ, ಎತ್ತರದಲ್ಲೇ ಕಟ್ಟಬೇಕು. 14.8 ಮೀಟರ್ ಎತ್ತರದಲ್ಲಿ ಕಟ್ಟಿದರು. ಅಂದು ಅಲ್ಲಿಗೆ ಬಂದ ಅಲೆ ಸುಮಾರು 13 ಮೀಟರಿನದ್ದು. ಭೂಕಂಪಕ್ಕೆ ನೆಲವೇ ಒಂದು ಮೀಟರ್ ಕುಸಿದಿತ್ತು, ಆದರೂ ಕೂದಲೆಳೆಯಲ್ಲಿ ಉಳಿಯಿತು. ಮನೆ ಕಳೆದುಕೊಂಡ ಸುತ್ತಲಿನ ಜನ ಓಡಿಬಂದು ಆಶ್ರಯ ಪಡೆದದ್ದು ಅದೇ ಅಣುಸ್ಥಾವರದ ಅಂಗಳದಲ್ಲಿ.

ಒಂದೇ ದೇಶ, ಒಂದೇ ತಂತ್ರಜ್ಞಾನ, ಒಂದೇ ಅಲೆ. ಹಾಗಾಗಿ ಯಾರಾದರೂ 'ಅಣುಸ್ಥಾವರ ಸುರಕ್ಷಿತವೇ?' ಎಂದು ಕೇಳಿದರೆ ನಾನು 'ಯಾವುದು?' ಎಂದು ಮರುಪ್ರಶ್ನೆ ಹಾಕುತ್ತೇನೆ. ತಪ್ಪಿಸಿಕೊಳ್ಳಲು ಅಲ್ಲ. ಯಾರು ಕಟ್ಟಿದರು, ಯಾರು ತಪಾಸಣೆ ಮಾಡುತ್ತಾರೆ, ತಪಾಸಣೆ ಮಾಡುವವರಿಗೆ 'ನಿಲ್ಲಿಸಿ' ಅನ್ನುವ ಅಧಿಕಾರ ನಿಜವಾಗಿ ಇದೆಯೇ ಅನ್ನುವುದು ತಿಳಿಯದೆ ಉತ್ತರ ಹೇಳಲು ಬರುವುದಿಲ್ಲ.

ಸಾವಿನ ಲೆಕ್ಕಕ್ಕೆ ಬರೋಣ. ಕೇಳಲು ಹಿತವಾದ ಲೆಕ್ಕವಲ್ಲ. 1986ರ ಏಪ್ರಿಲ್ 26ರ ರಾತ್ರಿ ಚೆರ್ನೋಬಿಲ್‌ನ ನಾಲ್ಕನೇ ಘಟಕ ಸ್ಫೋಟಿಸಿತು. ಆ ರಾತ್ರಿ ಇಬ್ಬರು ಸತ್ತರು; ಮುಂದಿನ ವಾರಗಳಲ್ಲಿ ವಿಕಿರಣದ ಕಾಯಿಲೆಯಿಂದ 28 ಜನ, ಬಹುತೇಕ ಬೆಂಕಿ ಆರಿಸಲು ಹೋದವರು ಮತ್ತು ಸ್ಥಾವರದ ಸಿಬ್ಬಂದಿ. ವಿಕಿರಣ ಸೂಸುವ ಅಯೋಡಿನ್ ಬೆರೆತ ಹಾಲು ಕುಡಿದ ಸಾವಿರಾರು ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಬಂತು, ಹೆಚ್ಚಿನವರು ಚಿಕಿತ್ಸೆಯಿಂದ ಉಳಿದರು. ಹೆಚ್ಚು ವಿಕಿರಣ ತಗುಲಿದವರಲ್ಲಿ ಕಾಲಾಂತರದಲ್ಲಿ 4,000 ಮಂದಿಯವರೆಗೆ ಸಾಯಬಹುದು ಎಂದು 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತಿತರ ಸಂಸ್ಥೆಗಳು ಅಂದಾಜು ಮಾಡಿದವು. ಇದಕ್ಕಿಂತ ತುಂಬ ಹೆಚ್ಚಿನ ಅಂದಾಜುಗಳೂ ಇವೆ, ಜಗಳ ಮುಗಿದಿಲ್ಲ. ಫುಕುಶಿಮಾದಲ್ಲಿ ವಿಕಿರಣದಿಂದ ಸತ್ತರೆಂದು ಅಲ್ಲಿನ ಸರ್ಕಾರ ಒಪ್ಪಿಕೊಂಡದ್ದು ಒಬ್ಬರನ್ನು. ಆದರೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಆಸ್ಪತ್ರೆಯ ಹಾಸಿಗೆಯಿಂದ ಎಬ್ಬಿಸಿ ಸಾಗಿಸಿದ ವೃದ್ಧರು, ತಾತ್ಕಾಲಿಕ ಶಿಬಿರಗಳಲ್ಲಿ ನಲುಗಿದವರು, ಹೀಗೆ ಸ್ಥಳಾಂತರದ ಬವಣೆಯಿಂದ ಸತ್ತವರು ಆ ಪ್ರಾಂತ್ಯದಲ್ಲೇ 2,300ಕ್ಕೂ ಹೆಚ್ಚು.

ಈಗ ಇನ್ನೊಂದು ತಟ್ಟೆ. ಒಂದೇ ಪ್ರಮಾಣದ ವಿದ್ಯುತ್ತಿಗೆ, ಅಂದರೆ ನೂರು ಕೋಟಿ ಯೂನಿಟ್ಟಿಗೆ, ಗಾಳಿಯ ಮಾಲಿನ್ಯ ಮತ್ತು ಅಪಘಾತಗಳೆರಡನ್ನೂ ಸೇರಿಸಿದರೆ ಕಲ್ಲಿದ್ದಲು ಸುಮಾರು 25 ಜೀವ ತೆಗೆಯುತ್ತದೆ ಎಂದು ಅಂದಾಜು. ಅಣುವಿದ್ಯುತ್ತಿನದ್ದು, ಚೆರ್ನೋಬಿಲ್ ಫುಕುಶಿಮಾ ಎರಡನ್ನೂ ಸೇರಿಸಿ, 0.03ರ ಆಸುಪಾಸು. ಸೌರ ಮತ್ತು ಪವನವೂ ಅದೇ ಮಟ್ಟದಲ್ಲಿವೆ. 1975ರಲ್ಲಿ ಚೀನಾದ ಬಾನ್‌ಚಿಯಾವೊ ಅಣೆಕಟ್ಟು ಒಡೆದು ಹತ್ತಾರು ಸಾವಿರ ಜನ ಕೊಚ್ಚಿಹೋದರು. ಆ ಹೆಸರು ಕೇಳಿದವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದೀರಿ? ಚೆರ್ನೋಬಿಲ್ ಹೆಸರು ಕೇಳದವರು ಒಬ್ಬರಾದರೂ ಇದ್ದೀರಾ?

ಇದನ್ನು ಹೇಳಿದ ಕೂಡಲೇ ಅಣುವಿದ್ಯುತ್ತಿನ ಪರ ಇರುವವರು ಗೆದ್ದೆವು ಅನ್ನುವ ಹಾಗೆ ನಗುತ್ತಾರೆ. ನನಗೆ ಆ ನಗು ಹಿಡಿಸುವುದಿಲ್ಲ. ಜನ ಹೆದರುವುದು ಸಾವಿನ ಸರಾಸರಿಗೆ ಮಾತ್ರ ಅಲ್ಲ. ಚೆರ್ನೋಬಿಲ್ ಸ್ಥಾವರದ ಪಕ್ಕದ ಪ್ರಿಪ್ಯತ್ ಎಂಬ ಊರಿನ ಸುಮಾರು 49 ಸಾವಿರ ಜನಕ್ಕೆ, ಮೂರು ದಿನಕ್ಕೆ ಬೇಕಾದಷ್ಟು ಮಾತ್ರ ತೆಗೆದುಕೊಳ್ಳಿ ಎಂದು ಹೇಳಿ ಬಸ್ ಹತ್ತಿಸಿದರು. ಯಾರೂ ವಾಪಸ್ ಬರಲಿಲ್ಲ. ಊರಿಗೆ ಊರೇ ಕಣ್ಣಿಗೆ ಕಾಣದ ಯಾವುದೋ ಒಂದಕ್ಕೆ ಹೋಗಿಬಿಡುವುದು, ಅದರ ಬಗ್ಗೆ ಅಧಿಕಾರದಲ್ಲಿರುವವರು ಮೊದಲ ದಿನ ಸುಳ್ಳು ಹೇಳುವುದು, ಇವೆಲ್ಲ ಯಾವ ಕೋಷ್ಟಕದಲ್ಲೂ ಬರುವುದಿಲ್ಲ. ಆದರೆ ಕಲ್ಲಿದ್ದಲಿನ ಹೊಗೆಯಿಂದ ಸಾಯುವವನೂ ಕಣ್ಣಿಗೆ ಕಾಣದ ಒಂದರಿಂದಲೇ ಸಾಯುತ್ತಾನೆ. ಮನೆಯಲ್ಲೇ, ಒಬ್ಬನೇ, ಕೆಮ್ಮುತ್ತಾ. ಅವನಿಗಾಗಿ ಯಾರೂ ಬಸ್ ತರುವುದಿಲ್ಲ.

ಇಷ್ಟು ಹೇಳಿ ನನ್ನ ಮೊದಲ ಪ್ರಶ್ನೆಗೆ ಬರುತ್ತೇನೆ. ಓಡುತ್ತಿರುವ ಸ್ಥಾವರವನ್ನು ಏನು ಮಾಡಬೇಕು?

ಜರ್ಮನಿ ಈ ವಿಷಯದಲ್ಲಿ ಎಲ್ಲರೂ ಓದಬೇಕಾದ ಪಾಠ. ಫುಕುಶಿಮಾದ ನಂತರ ಏಂಜೆಲಾ ಮರ್ಕೆಲ್ ಅವರ ಸರ್ಕಾರ ಎಂಟು ರಿಯಾಕ್ಟರುಗಳನ್ನು ತಕ್ಷಣವೇ ನಿಲ್ಲಿಸಿತು, ಉಳಿದವಕ್ಕೆ ಗಡುವು ಕೊಟ್ಟಿತು. ಕೊನೆಯ ಮೂರು 2023ರ ಏಪ್ರಿಲ್ 15ರಂದು ನಿಂತವು. ಮರ್ಕೆಲ್ ಸ್ವತಃ ಭೌತವಿಜ್ಞಾನದ ಹಿನ್ನೆಲೆಯವರು ಅನ್ನುವುದನ್ನು ನೆನಪಿಡಿ. ಅದು ಅಜ್ಞಾನದಿಂದ ಕೈಗೊಂಡ ತೀರ್ಮಾನವಲ್ಲ. ಇದೇ ಅವಧಿಯಲ್ಲಿ ಜರ್ಮನಿ ಸೌರ, ಪವನಗಳಲ್ಲಿ ಮಾಡಿದ ಸಾಧನೆ ಅಸಾಮಾನ್ಯ. 2023ರ ಹೊತ್ತಿಗೆ ಬಳಕೆಯ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ನವೀಕರಿಸಬಹುದಾದ ಮೂಲಗಳಿಂದಲೇ ಬಂತು. ಕಲ್ಲಿದ್ದಲೂ ಇಳಿದಿದೆ. 'ಅಣು ಬಿಟ್ಟು ಕಲ್ಲಿದ್ದಲು ಹೆಚ್ಚಿಸಿದರು' ಎಂದು ಸಾರಾಸಗಟಾಗಿ ಹೇಳುವುದು ತಪ್ಪು.

ಆದರೆ ಎರಡು ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಣುವಿನ ಕೊನೆ 2023. ಕಲ್ಲಿದ್ದಲಿನ ಕೊನೆಗೆ ಕಾನೂನು ಕೊಟ್ಟಿರುವ ಅಂತಿಮ ಗಡುವು 2038. ಹದಿನೈದು ವರ್ಷದ ಅಂತರ. ಹೊಸದಾಗಿ ಬಂದ ಸೌರ, ಪವನದ ಕರೆಂಟಿನಲ್ಲಿ ದೊಡ್ಡ ಪಾಲು ಕಲ್ಲಿದ್ದಲನ್ನು ತಳ್ಳುವ ಬದಲು ಅಣುವನ್ನು ತಳ್ಳಿತು. ಕಾರ್ಬನ್ ಲೆಕ್ಕದಲ್ಲಿ ಅಣು, ಪವನ ಎರಡೂ ಯೂನಿಟ್ಟಿಗೆ ಹತ್ತು ಹನ್ನೆರಡು ಗ್ರಾಂ, ಕಲ್ಲಿದ್ದಲು 820. ಇದು 2014ರಲ್ಲಿ ಐಪಿಸಿಸಿ, ಅಂದರೆ ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞರ ಸಮಿತಿ, ಕೊಟ್ಟ ಮಧ್ಯಮ ಅಂಕಿ, ಗಣಿಯಿಂದ ಹಿಡಿದು ಕೆಡವುವವರೆಗಿನ ಎಲ್ಲವನ್ನೂ ಸೇರಿಸಿ. ಹನ್ನೆರಡನ್ನು ತೆಗೆದು ಹನ್ನೆರಡನ್ನು ಹಾಕಿದರೆ ಆಕಾಶಕ್ಕೆ ಏನು ಲಾಭ? ಮನೆಗೆ ಎರಡು ಕಡೆ ಸೋರುತ್ತಿರುವಾಗ ದೊಡ್ಡ ತೂತನ್ನು ಬಿಟ್ಟು ಚಿಕ್ಕದಕ್ಕೆ ಮೊದಲು ಹೆಂಚು ಹಾಕಿದ ಹಾಗಾಯಿತು. ಹಾಗಾಗಿ ಮೊದಲ ಪ್ರಶ್ನೆಗೆ ನನ್ನ ಉತ್ತರ ಸರಳ. ತಪಾಸಣೆಯಲ್ಲಿ ತೇರ್ಗಡೆಯಾಗುತ್ತಿರುವ ಸ್ಥಾವರವನ್ನು, ಅದೇ ಗ್ರಿಡ್ಡಿನಲ್ಲಿ ಕಲ್ಲಿದ್ದಲು ಉರಿಯುತ್ತಿರುವ ತನಕ, ಮುಚ್ಚಬಾರದು. ತೇರ್ಗಡೆಯಾಗದಿದ್ದರೆ ಅದೇ ದಿನ ಮುಚ್ಚಬೇಕು, ಕರೆಂಟು ಹೋದರೂ ಸರಿ.

ಎರಡನೆಯ ಪ್ರಶ್ನೆ, ಹೊಸದನ್ನು ಕಟ್ಟುವುದು. ಇಲ್ಲಿ ನನ್ನ ಧ್ವನಿ ಬದಲಾಗುತ್ತದೆ. ಮೊದಲ ಉತ್ತರಕ್ಕೆ ತಲೆದೂಗಿದವರು ಈಗ ಮುಖ ಗಂಟಿಕ್ಕಬಹುದು.

ಫಿನ್‌ಲೆಂಡಿನ ಓಲ್ಕಿಲುವೊಟೊ-3: 2005ರಲ್ಲಿ ಕೆಲಸ ಶುರು, 2009ಕ್ಕೆ ಮುಗಿಯಬೇಕಿತ್ತು. ನಿಯಮಿತವಾಗಿ ಕರೆಂಟು ಕೊಟ್ಟದ್ದು 2023ರಲ್ಲಿ. ಫ್ರಾನ್ಸಿನ ಫ್ಲಮಾನ್‌ವಿಲ್-3: 2007ರಲ್ಲಿ ಶುರು, ಅಂದಾಜು 330 ಕೋಟಿ ಯೂರೊ. ಗ್ರಿಡ್ಡಿಗೆ ಸೇರಿದ್ದು 2024ರ ಡಿಸೆಂಬರಿನಲ್ಲಿ, ಖರ್ಚು ನಾಲ್ಕು ಪಟ್ಟು. ಅಮೆರಿಕದ ವೋಗಲ್‌ನ ಎರಡು ಹೊಸ ರಿಯಾಕ್ಟರುಗಳಿಗೆ 3,000 ಕೋಟಿ ಡಾಲರಿಗೂ ಹೆಚ್ಚು ತಗುಲಿತು, ಅಂದಾಜಿನ ಎರಡು ಪಟ್ಟಿಗೂ ಮಿಕ್ಕಿ. ನಡುವೆ ರಿಯಾಕ್ಟರ್ ವಿನ್ಯಾಸ ಮಾಡಿದ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಇವು ಬಡ ದೇಶಗಳ ಕಥೆಯಲ್ಲ, ಭ್ರಷ್ಟ ದೇಶಗಳದ್ದೂ ಅಲ್ಲ. ಅಣುವಿಜ್ಞಾನದಲ್ಲಿ ಪಳಗಿದ ದೇಶಗಳವು.

ಹಾಗಂತ ಆಗುವುದೇ ಇಲ್ಲ ಅನ್ನಲಾರೆ. 1973ರ ತೈಲ ಬಿಕ್ಕಟ್ಟಿನ ನಂತರ ಇದೇ ಫ್ರಾನ್ಸು ಸುಮಾರು ಹದಿನೈದು ವರ್ಷದಲ್ಲಿ ಹತ್ತಾರು ರಿಯಾಕ್ಟರುಗಳನ್ನು ಕಟ್ಟಿತು. ಇಂದಿಗೂ ಅದರ ಮೂರರಲ್ಲಿ ಎರಡು ಪಾಲಿನಷ್ಟು ಕರೆಂಟು ಅವುಗಳದ್ದೇ. ದಕ್ಷಿಣ ಕೊರಿಯಾದವರು ಅರಬ್ ಎಮಿರೇಟ್ಸ್‌ನ ಬರಾಕಾದಲ್ಲಿ 2012ರಿಂದ 2024ರೊಳಗೆ ನಾಲ್ಕನ್ನು ಮುಗಿಸಿಕೊಟ್ಟರು. ಗುಟ್ಟು ಇಷ್ಟೇ: ಒಂದೇ ಮಾದರಿ, ಒಂದರ ಹಿಂದೆ ಒಂದು, ಅದೇ ಕೆಲಸಗಾರರು. ಇಪ್ಪತ್ತು ವರ್ಷ ಸುಮ್ಮನಿದ್ದು ಒಂದು ಹೊಸ ಮಾದರಿಗೆ ಕೈ ಹಾಕಿದರೆ ವೆಲ್ಡಿಂಗ್ ಮಾಡುವವನೂ ಹೊಸಬ, ಅದನ್ನು ಪರೀಕ್ಷಿಸುವವನೂ ಹೊಸಬ.

ಅಷ್ಟರಲ್ಲಿ ಸೂರ್ಯ ಏನು ಮಾಡಿದ? 2010ರಿಂದ ಹತ್ತು ವರ್ಷದಲ್ಲಿ ಸೌರಫಲಕದ ಬೆಲೆ ಹತ್ತನೇ ಒಂದು ಭಾಗಕ್ಕೆ ಇಳಿಯಿತು. 2024 ಒಂದೇ ವರ್ಷದಲ್ಲಿ ಜಗತ್ತು 450 ಗಿಗಾವಾಟ್‌ಗೂ ಹೆಚ್ಚು (ಒಂದು ಗಿಗಾವಾಟ್ ಅಂದರೆ ಸಾವಿರ ಮೆಗಾವಾಟ್) ಸೌರಸಾಮರ್ಥ್ಯ ಸೇರಿಸಿಕೊಂಡಿತು. ಜಗತ್ತಿನ ಅಷ್ಟೂ ಅಣುಸ್ಥಾವರಗಳ ಸಾಮರ್ಥ್ಯ ಕೂಡಿಸಿದರೂ 400 ಗಿಗಾವಾಟ್ ದಾಟುವುದಿಲ್ಲ. ತಾಳಿ, ಇಲ್ಲೊಂದು ಮೋಸವಿದೆ, ಸೌರದ ಪರ ಇರುವವರು ಹೇಳದೆ ಜಾರಿಸಿಬಿಡುವುದು. ಸೌರದ ಒಂದು ಗಿಗಾವಾಟ್ ಅಣುವಿನ ಒಂದು ಗಿಗಾವಾಟಿಗೆ ಸಮ ಅಲ್ಲ. ರಾತ್ರಿ, ಮೋಡ, ಚಳಿಗಾಲ ಎಲ್ಲ ಕಳೆದರೆ ವರ್ಷದ ಉತ್ಪಾದನೆ ಐದಾರರಲ್ಲಿ ಒಂದು ಪಾಲು. ಆ ಮೋಸವನ್ನು ಕಳೆದರೂ ಒಂದು ವರ್ಷದ ಹೊಸ ಸೌರ ಎಪ್ಪತ್ತೆಂಬತ್ತು ದೊಡ್ಡ ರಿಯಾಕ್ಟರುಗಳ ಕೆಲಸ ಮಾಡುತ್ತದೆ. ಅದೇ ವರ್ಷ ಜಗತ್ತಿನಲ್ಲಿ ಹೊಸದಾಗಿ ಗ್ರಿಡ್ಡಿಗೆ ಸೇರಿದ ರಿಯಾಕ್ಟರುಗಳು ಬೆರಳೆಣಿಕೆಯಷ್ಟು. 1990ರ ದಶಕದ ಮಧ್ಯದಲ್ಲಿ ಜಗತ್ತಿನ ವಿದ್ಯುತ್ತಿನಲ್ಲಿ ಅಣುವಿನ ಪಾಲು ಶೇಕಡಾ 17ರ ಮೇಲಿತ್ತು, ಈಗ 9ರ ಹತ್ತಿರ. ಚಳವಳಿಗಳಿಗಿಂತ ಹೆಚ್ಚಾಗಿ ಅದನ್ನು ಸೋಲಿಸಿದ್ದು ಲೆಕ್ಕದ ಪುಸ್ತಕ ಎಂದು ನನ್ನ ಅಭಿಪ್ರಾಯ.

ಸರಿ, ಹಾಗಾದರೆ ಸೂರ್ಯ, ಗಾಳಿ ಸಾಕಲ್ಲ? ಇನ್ನೂ ಸಾಲದು. ಗ್ರಿಡ್ಡಿನಲ್ಲಿ ಪ್ರತಿ ಕ್ಷಣವೂ ಹುಟ್ಟುವುದು, ಬಳಸುವುದು ಎರಡೂ ಸಮ ಇರಬೇಕು. ತಪ್ಪಿದರೆ ಫ್ರೀಕ್ವೆನ್ಸಿ, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಅನ್ನುವುದು, 50ರಿಂದಲೋ 60ರಿಂದಲೋ ಸರಿಯುತ್ತದೆ, ಯಂತ್ರಗಳು ಒಂದರ ಹಿಂದೆ ಒಂದು ಕಳಚಿಕೊಳ್ಳುತ್ತವೆ. ಸಂಜೆಯ ಮೂರು ನಾಲ್ಕು ಗಂಟೆಯ ಕೊರತೆಯನ್ನು ಬ್ಯಾಟರಿ ಈಗ ಚೆನ್ನಾಗಿಯೇ ತುಂಬುತ್ತಿದೆ. ದಕ್ಷಿಣ ಆಸ್ಟ್ರೇಲಿಯದಲ್ಲಿ 2016ರಲ್ಲಿ ಇಡೀ ರಾಜ್ಯ ಕತ್ತಲಾದ ಮೇಲೆ 2017ರಲ್ಲಿ 100 ಮೆಗಾವಾಟಿನ ಬ್ಯಾಟರಿ ಇಟ್ಟಾಗ ಜಗತ್ತೇ ಬೆರಗಾಯಿತು. ಈಗ ಕ್ಯಾಲಿಫೋರ್ನಿಯಾದಲ್ಲಿ ಅದರ ನೂರು ಪಟ್ಟಿಗೂ ಹೆಚ್ಚು ಇದೆ. ಕಷ್ಟವಿರುವುದು ವಾರಗಟ್ಟಲೆಯ ಕೊರತೆಯಲ್ಲಿ. ಚಳಿಗಾಲದಲ್ಲಿ ಮೋಡ ಮುಸುಕಿ ಗಾಳಿಯೂ ಸತ್ತುಹೋಗುವ ದಿನಗಳಿಗೆ ಜರ್ಮನ್ ಭಾಷೆಯಲ್ಲಿ ಒಂದು ಪದವೇ ಇದೆ: ಡುಂಕೆಲ್‌ಫ್ಲೌಟೆ. ಕತ್ತಲೆಯ ನಿಶ್ಚಲತೆ ಅನ್ನಬಹುದು. ಅಂಥ ಹತ್ತು ದಿನಕ್ಕೆ ಬೇಕಾದಷ್ಟು ಬ್ಯಾಟರಿ ಯಾರ ಬಳಿಯೂ ಇಲ್ಲ. ಡೆನ್ಮಾರ್ಕ್ ಅರ್ಧಕ್ಕಿಂತ ಹೆಚ್ಚು ಕರೆಂಟನ್ನು ಗಾಳಿಯಿಂದ ಪಡೆಯುತ್ತದೆ, ನಿಜ. ಗಾಳಿ ನಿಂತಾಗ ನಾರ್ವೆಯ ಜಲಾಶಯ ಮತ್ತು ಸ್ವೀಡನ್ನಿನ ಜಲ ಹಾಗೂ ಅಣುಸ್ಥಾವರಗಳ ಕಡೆಗೆ ಹೋಗುವ ಕೇಬಲ್ಲು ಅದಕ್ಕಿದೆ. ನೆರೆಹೊರೆ ಚೆನ್ನಾಗಿದ್ದರೆ ಅರ್ಧ ಸಂಸಾರ ನಡೆದಂತೆಯೇ. ಎಲ್ಲರಿಗೂ ಅಂಥ ನೆರೆಹೊರೆ ಸಿಗುವುದಿಲ್ಲ.

ಅಣುವಾದರೂ ಎಡೆಬಿಡದೆ ಓಡುತ್ತದೆಯೇ? 2022ರಲ್ಲಿ ಫ್ರಾನ್ಸಿನ ಪೈಪುಗಳಲ್ಲಿ ತುಕ್ಕಿನ ಬಿರುಕು ಕಂಡು, ಬಾಕಿಯಿದ್ದ ದುರಸ್ತಿಯೂ ಸೇರಿ, ಒಂದು ಹಂತದಲ್ಲಿ ಅರ್ಧಕ್ಕೂ ಹೆಚ್ಚು ರಿಯಾಕ್ಟರುಗಳು ನಿಂತಿದ್ದವು. ಸದಾ ಮಾರುತ್ತಿದ್ದ ದೇಶ ಆ ವರ್ಷ ಕೊಳ್ಳುವ ದೇಶವಾಯಿತು. ಬೇಸಿಗೆಯಲ್ಲಿ ನದಿ ಬಿಸಿಯಾದರೆ ಇನ್ನಷ್ಟು ಬಿಸಿನೀರು ಬಿಡಬಾರದೆಂದು ಉತ್ಪಾದನೆ ಇಳಿಸುತ್ತಾರೆ. ಭೂಮಿ ಕಾದಷ್ಟೂ ಇದು ಹೆಚ್ಚುತ್ತದೆ. ಇನ್ನು 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಎರಡೂ ಕತ್ತಲಾದಾಗ ಗಂಟೆಯೊಳಗೆ ಒಂದು ಕಡೆಯವರು 'ಸೌರದ್ದೇ ತಪ್ಪು' ಅಂದರು, ಇನ್ನೊಂದು ಕಡೆಯವರು 'ಅಲ್ಲವೇ ಅಲ್ಲ' ಅಂದರು. ತನಿಖೆಯಲ್ಲಿ ಕಂಡದ್ದು ವೋಲ್ಟೇಜು ಸರಸರನೆ ಏರಿ ಯಂತ್ರಗಳು ಸಾಲಾಗಿ ಕಳಚಿಕೊಂಡದ್ದು. ವೋಲ್ಟೇಜು ಹಿಡಿದಿಡುವ ಕೆಲಸವನ್ನು ಅಲ್ಲಿನ ನಿಯಮಗಳು ಸೌರ, ಪವನ ಸ್ಥಾವರಗಳಿಗೆ ಸರಿಯಾಗಿ ಒಪ್ಪಿಸಿಯೇ ಇರಲಿಲ್ಲ. ಬೇಸರದ ಉತ್ತರ, ಟೀವಿಗೆ ಆಗಿಬರುವಂಥದ್ದಲ್ಲ.

ಎರಡನೇ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಕೈಯಲ್ಲಿರುವ ಮೊದಲ ಹಣ ಸೌರ, ಪವನ, ಸಂಗ್ರಹ ಮತ್ತು ತಂತಿಗಳಿಗೆ ಹೋಗಲಿ. ತಂತಿಗಳನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಅವುಗಳ ಫೋಟೊ ಯಾವ ಜಾಹೀರಾತಿನಲ್ಲೂ ಬರುವುದಿಲ್ಲ. ಹೊಸ ಅಣುಸ್ಥಾವರವನ್ನು ಒಂದೇ ಒಂದು ಕಟ್ಟುವ ದೇಶ ಅದನ್ನು ಕಟ್ಟದಿರುವುದೇ ಲೇಸು. ಒಂದೇ ಮಾದರಿಯಲ್ಲಿ ಹತ್ತು ಕಟ್ಟುವ ಶಕ್ತಿ, ಹಟ ಇದ್ದರೆ ಕಟ್ಟಲಿ.

ಕಸದ ಮಾತು ಬಾಕಿಯಿದೆ. ಒಂದು ಸಾವಿರ ಮೆಗಾವಾಟಿನ ರಿಯಾಕ್ಟರಿನಿಂದ ವರ್ಷಕ್ಕೆ 25-30 ಟನ್ ಬಳಸಿದ ಇಂಧನ ಹೊರಬರುತ್ತದೆ. ಅಷ್ಟೇ ದೊಡ್ಡ ಕಲ್ಲಿದ್ದಲು ಸ್ಥಾವರದಿಂದ ಲಕ್ಷಗಟ್ಟಲೆ ಟನ್ ಬೂದಿ, 60 ಲಕ್ಷ ಟನ್ನಿನಷ್ಟು ಕಾರ್ಬನ್ ಡೈಆಕ್ಸೈಡು. ಅಣುವಿನ ಕಸ ತೀರಾ ಸಣ್ಣದು, ಆದರೆ ಅದರಲ್ಲಿರುವ ಪ್ಲುಟೋನಿಯಂ-239ರ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, 24 ಸಾವಿರ ವರ್ಷ. ಈ ಕಸ ಹೂಳಲು ಅಮೆರಿಕ 1987ರಲ್ಲಿ ಯಕ್ಕಾ ಬೆಟ್ಟವನ್ನು ಆಯ್ದುಕೊಂಡಿತು, ಇಪ್ಪತ್ತು ವರ್ಷ ಕೊರೆಯಿತು, ಕೈಬಿಟ್ಟಿತು. ಫಿನ್‌ಲೆಂಡ್ ಮಾತ್ರ ಸದ್ದಿಲ್ಲದೆ 2004ರಿಂದ ಬಂಡೆ ಕೊರೆದು, 400 ಮೀಟರಿಗೂ ಆಳದಲ್ಲಿ ಒಂಕಾಲೊ ಎಂಬ ಗೂಡು ಮಾಡಿಕೊಂಡಿದೆ. ತಾಮ್ರದ ಡಬ್ಬಿ, ಅದರ ಸುತ್ತ ನೀರು ಹೀರಿ ಉಬ್ಬುವ ಜೇಡಿ, ಅದರ ಸುತ್ತ 190 ಕೋಟಿ ವರ್ಷ ಹಳೆಯ ಬಂಡೆ.

ನಂಬುವುದು ಹೇಗೆ? ಒಂದು ಸಾಕ್ಷಿ ನಿಸರ್ಗವೇ ಇಟ್ಟಿದೆ. 1972ರಲ್ಲಿ ಫ್ರಾನ್ಸಿನ ಪ್ರಯೋಗಶಾಲೆಯಲ್ಲಿ ಆಫ್ರಿಕಾದ ಗಬಾನಿನಿಂದ ಬಂದ ಯುರೇನಿಯಂ ಅದಿರನ್ನು ತೂಗಿ ನೋಡಿದಾಗ ಯುರೇನಿಯಂ-235 ಒಂದು ಕೂದಲಷ್ಟು ಕಡಿಮೆ ಬಂತು. ಶೇಕಡಾ 0.720 ಇರಬೇಕಾದದ್ದು 0.717. ಯಾರಾದರೂ ಕದ್ದರೇ ಎಂದು ಗಾಬರಿ. ಹುಡುಕಿದರೆ, ಸುಮಾರು 200 ಕೋಟಿ ವರ್ಷಗಳ ಹಿಂದೆ ಓಕ್ಲೊ ಎಂಬಲ್ಲಿ ಭೂಮಿಯೊಳಗೆ ತನ್ನಷ್ಟಕ್ಕೆ ರಿಯಾಕ್ಟರು ಹೊತ್ತಿಕೊಂಡಿತ್ತು. ಅಂತರ್ಜಲ ಅದಿರಿನೊಳಗೆ ನುಗ್ಗಿದಾಗ ಉರಿ, ನೀರು ಆವಿಯಾದಾಗ ತಣ್ಣಗೆ. ಸಾಕಷ್ಟು ಲಕ್ಷ ವರ್ಷ ಹೀಗೇ ನಡೆಯಿತು. ಅಲ್ಲಿ ಹುಟ್ಟಿದ ಪ್ಲುಟೋನಿಯಂ ಮತ್ತು ಹಲವು ಚೂರುಗಳು, ಡಬ್ಬಿಯಿಲ್ಲದೆ, ಕಾವಲಿಲ್ಲದೆ, ಹುಟ್ಟಿದ ಜಾಗದಿಂದ ಹೆಚ್ಚೇನೂ ಸರಿದಿರಲಿಲ್ಲ. ನನಗೆ ಇದನ್ನು ಓದಿದಾಗಲೆಲ್ಲ ಭಯ ಸ್ವಲ್ಪ ಇಳಿಯುತ್ತದೆ. ಎಲ್ಲ ಬಂಡೆಯೂ ಓಕ್ಲೊದ ಬಂಡೆಯಲ್ಲ ಅನ್ನುವುದೂ ನೆನಪಾಗುತ್ತದೆ: ಜರ್ಮನಿಯ ಆಸ್ಸೆ ಉಪ್ಪಿನ ಗಣಿಯಲ್ಲಿ ಇಟ್ಟ ಕಸದತ್ತ ನೀರು ಜಿನುಗಿ, ಈಗ ಅದನ್ನು ಮೇಲೆತ್ತುವ ಯೋಚನೆಯಲ್ಲಿದ್ದಾರೆ.

ಹೊಳೆಯಲ್ಲಿ ತೇಲಿಬಂದದ್ದನ್ನು ಕಂಬಳಿ ಎಂದು ಹಿಡಿದವನ ಕಥೆ ನಿಮಗೆ ಗೊತ್ತು. ದಡದಲ್ಲಿದ್ದವರು 'ಬಿಟ್ಟು ಬಾರೋ' ಎಂದರೆ ಅವನು ಹೇಳಿದನಂತೆ, 'ನಾನು ಬಿಟ್ಟೆ, ಕಂಬಳಿ ನನ್ನನ್ನು ಬಿಡುತ್ತಿಲ್ಲ.' ಅದು ಕರಡಿ. ಅಣುವಿದ್ಯುತ್ ಬಿಡುತ್ತೇವೆ ಅನ್ನುವ ದೇಶಗಳ ಸ್ಥಿತಿ ಇದೇ. ಕೊನೆಯ ರಿಯಾಕ್ಟರು ನಿಂತ ದಿನವೂ ಬಳಸಿದ ಇಂಧನವನ್ನು ಮುಳುಗಿಸಿಟ್ಟ ಕೊಳಕ್ಕೆ ನೀರು ಹರಿಯಲೇಬೇಕು. ಉಕ್ರೇನಿನ ಝಪೊರಿಝಿಯಾದಲ್ಲಿ ಯುದ್ಧದ ನಡುವೆ ಆರು ರಿಯಾಕ್ಟರುಗಳನ್ನೂ ನಿಲ್ಲಿಸಿದ್ದಾರೆ. ಆದರೂ ಹೊರಗಿನ ತಂತಿ ಕಡಿದಾಗಲೆಲ್ಲ ಜಗತ್ತು ಉಸಿರು ಬಿಗಿಹಿಡಿಯುತ್ತದೆ. ಒಲೆ ಆರಿಸಿದೆ, ಆರಿಲ್ಲ.

ಇನ್ನು ಪ್ರಶ್ನೆಗಳು.

ಹಿರಿಯರೊಬ್ಬರು ಕೇಳಿದರು: ಸಣ್ಣ ರಿಯಾಕ್ಟರುಗಳನ್ನು ಕಾರ್ಖಾನೆಯಲ್ಲೇ ಮಾಡಿ ತಂದು ಇಟ್ಟರೆ ಖರ್ಚು ಇಳಿಯುವುದಿಲ್ಲವೇ?

ಇಳಿಯಬಹುದು, ನೂರಾರು ಮಾಡಿದರೆ. ರಷ್ಯಾದ ಪೆವೆಕ್‌ನಲ್ಲಿ 35 ಮೆಗಾವಾಟಿನ ಎರಡು ರಿಯಾಕ್ಟರುಗಳು ಹಡಗಿನ ಮೇಲೆ ನಿಂತು ಕರೆಂಟು ಕೊಡುತ್ತಿವೆ. ಅಮೆರಿಕದ ಯೂಟಾದ ವಿದ್ಯುತ್ ಮಂಡಳಿಗಳು ಸೇರಿ ಹಾಕಿಕೊಂಡಿದ್ದ ಯೋಜನೆ ಮಾತ್ರ ಯೂನಿಟ್ಟಿನ ದರ ಏರುತ್ತಾ ಹೋಗಿ 2023ರಲ್ಲಿ ರದ್ದಾಯಿತು. ನೂರನೆಯದು ಅಗ್ಗವಾಗಬಹುದು ಸ್ವಾಮಿ, ಮೊದಲನೆಯದನ್ನು ಕೊಳ್ಳುವವರು ಯಾರು ಅನ್ನುವುದೇ ಪ್ರಶ್ನೆ.

ಸೂರ್ಯನ ಹಾಗೆ ಅಣುಗಳನ್ನು ಬೆಸೆಯುವ ಸಮ್ಮಿಳನ ಬಂದರೆ ಈ ಜಗಳವೇ ಇರುವುದಿಲ್ಲವಲ್ಲ ಎಂದರು ಇನ್ನೊಬ್ಬರು. 2022ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲೇಸರ್ ಕೊಟ್ಟ 2.05 ಮೆಗಾಜೂಲಿಗೆ ಪ್ರತಿಯಾಗಿ 3.15 ಮೆಗಾಜೂಲ್ ಬಂತು. ಆ ಲೇಸರುಗಳನ್ನು ಉರಿಸಲು ಗ್ರಿಡ್ಡಿನಿಂದ ಎಳೆದದ್ದು 300 ಮೆಗಾಜೂಲಿನಷ್ಟು. ಬರಲಿ, ಸಂತೋಷ. ಅದನ್ನು ನಂಬಿ ಇವತ್ತಿನ ಕಲ್ಲಿದ್ದಲನ್ನು ಉರಿಸುತ್ತಾ ಕೂರಲಾಗದು.

ಕೊನೆಯ ಪ್ರಶ್ನೆ ಎಂಜಿನಿಯರಿಂಗ್ ಓದುತ್ತಿರುವ ಹುಡುಗಿಯದು. "ಸರ್, ಮುಚ್ಚಿಹೋಗುತ್ತಿರುವ ಕ್ಷೇತ್ರ ಅಂತ ಎಲ್ಲರೂ ಹೇಳುತ್ತಾರೆ. ಅಣುವಿಜ್ಞಾನ ಓದಿದರೆ ಮುಂದೆ ಕೆಲಸ ಇರುತ್ತದಾ?"

ಇರುತ್ತದೆ ಕಣಮ್ಮ. ನಿನಗೊಂದು ಲೆಕ್ಕ ಕೊಡುತ್ತೇನೆ, ಮನೆಗೆ ಹೋಗಿ ಮಾಡು. ಫುಕುಶಿಮಾದ ಮೂರು ರಿಯಾಕ್ಟರುಗಳ ತಳದಲ್ಲಿ ಕರಗಿ ಗಟ್ಟಿಯಾಗಿ ಕೂತಿರುವ ಇಂಧನ ಮತ್ತು ಲೋಹದ ಮುದ್ದೆ ಅಂದಾಜು 880 ಟನ್. ಮನುಷ್ಯ ಹತ್ತಿರ ಹೋಗುವಂತಿಲ್ಲ, ಮೀನುಗಾಳದ ಹಾಗೆ ಉದ್ದಕ್ಕೆ ಚಾಚುವ ಕೋಲು ಮಾಡಿ ಒಳಗೆ ಬಿಟ್ಟರು. ಹದಿಮೂರು ವರ್ಷದ ನಂತರ, 2024ರ ನವೆಂಬರಿನಲ್ಲಿ, ಮೊದಲ ಚೂರು ಹೊರಬಂತು. ತೂಕ 0.7 ಗ್ರಾಂ. ಪೂರ್ತಿ ಮುಗಿಸಲು ಅವರು ಇಟ್ಟುಕೊಂಡಿರುವ ಗುರಿ 2051. ಆಗ ನಿನಗೆ ಎಷ್ಟು ವಯಸ್ಸಾಗಿರುತ್ತದೆ?